ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಜಿಎಲ್-4 ಆಯಿಲ್ಲಾ, ಜಿಎಲ್-5ಆ?

ಅಂಗಡಿಯವ್ರು ಜಿಎಲ್-5 ಇನ್ನೂ ಒಳ್ಳೇದು ಅಂದ್ರು ಅಂತ ಕೇಳಿದೀರ, ನಂಬರ್ ದೊಡ್ಡದಾದ್ರೆ ಮಾಲು ಒಳ್ಳೇದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಇವು ಗೇರ್ ಆಯಿಲ್‌ನ ಎರಡು ಬಗೆ ಅಷ್ಟೇ. ಜಿಎಲ್-5 ಮುಖ್ಯವಾಗಿ ಡಿಫರೆನ್ಷಿಯಲ್‌ಗೆ (ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚೋ ಗೇರ್‌ಗಳು) ಮಾಡಿರೋದು, ಅದ್ರಲ್ಲಿ ಗಂಧಕ-ರಂಜಕದ ಅಡಿಟಿವ್ ಜಾಸ್ತಿ, ಕೆಲವು ಆಯಿಲ್‌ಗಳಲ್ಲಿ ಅದು ಹಿತ್ತಾಳೆ ಸಿಂಕ್ರೊ ರಿಂಗನ್ನೇ (ಗೇರ್ ಹಾಕುವಾಗ ವೇಗ ಹೊಂದಿಸೋ ಬಳೆ) ತಿನ್ನತ್ತೆ, ಮೇಲಾಗಿ ಆ ರಿಂಗ್ ಕೆಲಸ ಮಾಡೋದೇ ಉಜ್ಜಾಟದಿಂದ, ಜಾರಿಕೆ ಜಾಸ್ತಿಯಾದ್ರೆ ಗೇರ್ ಕರಕರ ಅನ್ನತ್ತೆ. ಹಂಗಂತ ಎಲ್ಲಾ ಕಾರಿಗೂ ಜಿಎಲ್-4 ಅಂತಾನೂ ಅಲ್ಲ, ಕೆಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್) ಹಾಕಿ ಅಂತಾನೇ ಇರತ್ತೆ, ಗಾಡಿ ಜೊತೆ ಬಂದ ಬುಕ್ ನೋಡಿ.

ಚಳೀಲಿ ಆಯಿಲ್ ಎಷ್ಟು ದಪ್ಪ ಅಂತ ಹೇಳೋ 75ಡಬ್ಲ್ಯೂ, 80ಡಬ್ಲ್ಯೂ ಎರಡೂ ಬುಕ್ಕಲ್ಲಿದ್ರೆ 75 ತಗೊಳ್ಳಿ, ಚಳೀಲಿ ತೆಳುವಾಗಿರತ್ತೆ, ಚಿಕ್ಕಮಗಳೂರಿನ ಡಿಸೆಂಬರ್ ಬೆಳಗ್ಗೆ ಸೆಕೆಂಡ್ ಗೇರ್ ಸಲೀಸಾಗಿ ಬೀಳತ್ತೆ.

ಹಾಂ, ಡ್ರೈನ್ ಬೋಲ್ಟ್‌ಗಿಂತ ಮುಂಚೆ ಆಯಿಲ್ ತುಂಬೋ ಬೋಲ್ಟ್ ಬಿಚ್ಚಿ, ಅದೇ ಜಾಮ್ ಆಗಿದ್ರೆ ಖಾಲಿ ಗೇರ್‌ಬಾಕ್ಸ್ ಇಟ್ಕೊಂಡು ಕೂರಬೇಕಾಗತ್ತೆ.