ಟೀ ಶರ್ಟ್ ಮೇಲೆ ಅಚ್ಚಿನ ಅಕ್ಷರ: ಬಣ್ಣ ಹರಡದಿರಲು ಏನು ಮಾಡಬೇಕು?

ಪ್ರಶ್ನೆ: ಮಗಳ ಹತ್ತಿಯ ಟೀ ಶರ್ಟ್ ಮೇಲೆ ರಟ್ಟಿನ ಅಚ್ಚಿಟ್ಟು ಅವಳ ಹೆಸರನ್ನು ಮೂಡಿಸಿದೆ. ಬಣ್ಣ ಅಂಚಿನಾಚೆಗೆ ಹರಡಿತು, ಮೊದಲ ಒಗೆತಕ್ಕೇ ಅರ್ಧ ಹೋಯಿತು. ನನ್ನ ತಪ್ಪೇನು?
– ಓದುಗರೊಬ್ಬರು, ಶಿರಸಿ

ಉತ್ತರ: ರಟ್ಟು ತೇವವನ್ನು ಹೀರಿ ಅಂಚಿನಲ್ಲಿ ಮೇಲೇಳುವುದರಿಂದ ಬಣ್ಣ ಅದರಡಿಗೆ ನುಸುಳುತ್ತದೆ. ಅದರ ಬದಲು ಹಳೆಯ ಎಕ್ಸ್‌ರೇ ಹಾಳೆಯನ್ನು ಬಳಸಿ; ಒಮ್ಮೆ ಕೊರೆದರೆ ಒರೆಸಿಟ್ಟುಕೊಂಡು ಮತ್ತೆ ಮತ್ತೆ ಬಳಸಬಹುದು. ಕನ್ನಡ ಅಕ್ಷರಗಳಿಗೆ ವಿಶೇಷ ಎಚ್ಚರ ಬೇಕು: ‘ಠ’ದಂತಹ ಅಕ್ಷರದ ಸುತ್ತನ್ನು ಪೂರ್ತಿ ಕತ್ತರಿಸಿದರೆ ಒಳಗಿನ ಬಿಲ್ಲೆಯೇ ಉದುರಿಬಿಡುವುದರಿಂದ, ಅದನ್ನು ಹೊರಗಿನ ಹಾಳೆಗೆ ಹಿಡಿದಿಡುವ 2–3 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಬಿಡಲೇಬೇಕು.

ಹೊಸ ಬಟ್ಟೆಯಾದರೆ ಗಂಜಿ ಹೋಗುವಂತೆ ಮೊದಲೇ ಒಗೆದು ಒಣಗಿಸಿ, ಹಿಂಬದಿಗೆ ಬಣ್ಣ ಇಳಿಯದಂತೆ ಒಳಗೊಂದು ರಟ್ಟನ್ನಿಡಿ. ಬಟ್ಟೆಯನ್ನು ಎಳೆದು ಬಿಗಿಯಬೇಡಿ. ಬಿಟ್ಟೊಡನೆ ಅಕ್ಷರ ಕುಗ್ಗುತ್ತದೆ. ಬಣ್ಣಕ್ಕೆ ನೀರು ಬೆರೆಸಲೇಬಾರದು. ಪಾತ್ರೆ ತೊಳೆಯುವ ಸ್ಪಂಜಿನ ಹೊಸ ತುಂಡೊಂದನ್ನು ಬಣ್ಣಕ್ಕೆ ಅದ್ದಿ, ಹಳೆಯ ಪತ್ರಿಕೆಯ ಮೇಲೆ ಒತ್ತಿ ಬಹುಪಾಲು ತೆಗೆದು, ಉಳಿದಷ್ಟನ್ನು ಉಜ್ಜದೆ ನೇರವಾಗಿ ತಟ್ಟುತ್ತಾ ಹೋಗಿ. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಎಷ್ಟೋ ಮೇಲು.

ಒಗೆತಕ್ಕೆ ನಿಲ್ಲಬೇಕಾದರೆ ಬಟ್ಟೆಗೆಂದೇ ಮಾರುವ ಅಕ್ರಿಲಿಕ್ ಬಣ್ಣವೇ ಬೇಕು. ಮಕ್ಕಳ ಜಲವರ್ಣ ಉಳಿಯದು. 24 ಗಂಟೆ ಒಣಗಿಸಿ, ಮಗುಚಿ ಹಿಂಬದಿಯಿಂದ ಇಸ್ತ್ರಿ ಮಾಡಿ, 3 ದಿನ ಕಳೆದ ಮೇಲೆ ತಣ್ಣೀರಿನಲ್ಲಿ ಒಗೆಯಿರಿ.