ಹಕ್ಕು ಇತ್ತು, ಆದರೆ ಕಟ್ಟಬೇಕಿತ್ತಾ?

ಪ್ರಶ್ನೆ: 2001ರ ಸೆಪ್ಟೆಂಬರ್ 11ರ ದಾಳಿ ನಡೆದ ನ್ಯೂಯಾರ್ಕ್‌ನ ಜಾಗದ ಹತ್ತಿರ ಮಸೀದಿ ಕಟ್ಟುತ್ತಾರೆ ಅಂತ 2010ರಲ್ಲಿ ದೊಡ್ಡ ಗಲಾಟೆ ಆಗಿತ್ತು. ಅಷ್ಟು ಜನ ಬೇಡ ಅಂದರೂ ಸರ್ಕಾರ ಯಾಕೆ ತಡೆಯಲಿಲ್ಲ? ಸತ್ತವರ ಮನೆಯವರ ನೋವಿಗೆ ಬೆಲೆ ಇಲ್ಲವೇ? ಕೊನೆಗೆ ಅದನ್ನು ಕಟ್ಟಿದರಾ?

ಉತ್ತರ: ಪಾರ್ಕ್51 ಎಂಬ ಆ ಯೋಜನೆ ಇದ್ದದ್ದು ವರ್ಲ್ಡ್ ಟ್ರೇಡ್ ಸೆಂಟರ್‌ನ ಗೋಪುರಗಳು ಕುಸಿದ ಜಾಗದಲ್ಲಲ್ಲ, ಅಲ್ಲಿಂದ ಎರಡು ಬ್ಲಾಕ್ ಆಚೆ. ಹಾಗಂತ ಅಲ್ಲಿದ್ದ ಹಳೇ ಕಟ್ಟಡಕ್ಕೂ ದಾಳಿಗೂ ಸಂಬಂಧವೇ ಇರಲಿಲ್ಲ ಅನ್ನುವಂತಿಲ್ಲ. ವಿಮಾನದ ಲ್ಯಾಂಡಿಂಗ್ ಗೇರ್‌ನ ತುಂಡೊಂದು ಅದರ ಚಾವಣಿ ಒಡೆದು ಒಳಗೆ ಬಿದ್ದಿತ್ತು. 2009ರಲ್ಲಿ ಷರೀಫ್ ಎಲ್-ಗಮಾಲ್ ಎಂಬ ಬಿಲ್ಡರ್‌ನ ಕಂಪನಿ ಅದನ್ನು ಕೊಂಡಿತು. ಇಮಾಮ್ ಫೈಸಲ್ ಅಬ್ದುಲ್ ರೌಫ್ ಯೋಜನೆಯ ಮುಖವಾದರು. ಅವರ ಲೆಕ್ಕದಲ್ಲಿ ಆ ಹಳೇ ಕಟ್ಟಡದ ಜಾಗದಲ್ಲಿ ಏಳಬೇಕಿದ್ದದ್ದು 13 ಮಹಡಿಯ ಸಮುದಾಯ ಕೇಂದ್ರ. ಸಭಾಂಗಣ, ಈಜುಕೊಳ, ಬ್ಯಾಸ್ಕೆಟ್‌ಬಾಲ್ ಅಂಕಣದ ಜೊತೆಗೆ ನಮಾಜಿಗೂ ಜಾಗ.

ತಡೆಯೋದಕ್ಕೆ ಸರ್ಕಾರದ ಕೈಯಲ್ಲಿ ಏನೂ ಇರಲಿಲ್ಲ. ಜಾಗ ಖಾಸಗಿಯವರದ್ದು. ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ವಲಯ ನಿಯಮದ ಪ್ರಕಾರ ಅಲ್ಲಿ ಪ್ರಾರ್ಥನಾ ಮಂದಿರ ಕಟ್ಟಲು ವಿಶೇಷ ಅನುಮತಿಯೇ ಬೇಕಿರಲಿಲ್ಲ. ಧರ್ಮದ ಸ್ವಾತಂತ್ರ್ಯ ಕಾಯುವ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಹೇಗೂ ಇದೆ. ಅದರ ಮೇಲೆ 2000ದಲ್ಲಿ ಬಂದ ಇನ್ನೊಂದು ಕಾನೂನೂ ಇದೆ: ತೀರಾ ಬಲವಾದ ಕಾರಣ ಇಲ್ಲದೆ, ಭೂಬಳಕೆ ನಿಯಮದ ನೆಪದಲ್ಲಿ ಯಾವ ಧರ್ಮದವರಿಗೂ ಭಾರೀ ಅಡ್ಡಿ ಮಾಡುವಂತಿಲ್ಲ. ಸ್ಥಳೀಯ ಸಮುದಾಯ ಮಂಡಳಿ 29–1 ಮತಗಳಿಂದ ಯೋಜನೆಗೆ ಬೆಂಬಲ ಕೊಟ್ಟಿತು. ಆದರೆ ಅದು ಬರೀ ಸಲಹೆ.

ವಿರೋಧಿಗಳಿಗೆ ಉಳಿದ ದಾರಿ ಒಂದೇ. 1850ರ ದಶಕದ ಆ ಕಟ್ಟಡವನ್ನು ಪಾರಂಪರಿಕ ಕಟ್ಟಡ ಅಂತ ಘೋಷಿಸಿಬಿಟ್ಟರೆ ಕೆಡವಲು ಆಗುವುದಿಲ್ಲ, ಅಲ್ವಾ? 2010ರ ಆಗಸ್ಟ್ 3ರಂದು ಸಂಬಂಧಪಟ್ಟ ಆಯೋಗ 9–0 ಮತಗಳಿಂದ ಅದನ್ನೂ ತಳ್ಳಿಹಾಕಿತು. ನಿಜ ಹೇಳಬೇಕೆಂದರೆ, ಘೋಷಿಸಿದ್ದರೂ ಮಸೀದಿಯನ್ನು ತಡೆಯಲು ಆಗುತ್ತಿರಲಿಲ್ಲ. ಆ ಹಳೇ ಕಟ್ಟಡದೊಳಗೆ ಆಗಲೇ ನಮಾಜು ನಡೆಯುತ್ತಿತ್ತು!

ಇನ್ನು ನೋವಿನ ಮಾತು. ಇದನ್ನು ಸುಮ್ನೆ ದ್ವೇಷ ಅಂತ ತಳ್ಳಿಬಿಡುವುದು ತಪ್ಪು. 'ಹಕ್ಕಿದೆ ಸರಿ, ಆದರೆ ಇದೇ ಜಾಗ ಯಾಕೆ?' ಎಂದು ಕೇಳಿದವರಲ್ಲಿ ಮನೆಯವರನ್ನು ಕಳೆದುಕೊಂಡವರೂ ಇದ್ದರು. ಅದೇ ನೋವು ಉಂಡ ಬೇರೆ ಕುಟುಂಬಗಳು ಯೋಜನೆಯ ಪರ ನಿಂತವು. ಹಾಗಿದ್ದಾಗ ಯಾರ ನೋವನ್ನು ಲೆಕ್ಕಕ್ಕೆ ಹಿಡಿಯುವುದು? ವಿರೋಧಿಗಳು ನಾಜಿಗಳು ಯಹೂದಿಗಳನ್ನು ಕೊಂದ ಆಶ್ವಿಟ್ಜ್ ಶಿಬಿರದ ಪಕ್ಕದ ಕ್ರೈಸ್ತ ಸನ್ಯಾಸಿನಿಯರ ಮಠದ ಉದಾಹರಣೆ ಕೊಡುತ್ತಿದ್ದರು. ಯಹೂದಿಗಳ ಆಕ್ಷೇಪಕ್ಕೆ ಬೆಲೆ ಕೊಟ್ಟು 1993ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆ ಸನ್ಯಾಸಿನಿಯರಿಗೆ ಜಾಗ ಬಿಡಲು ಹೇಳಿದರು. ಹೋಲಿಕೆ ಚೆನ್ನಾಗಿದೆ, ಆದರೆ ಹಾಗೆ ಹೇಳಿದವರು ಅವರದೇ ಧರ್ಮಗುರು, ಸರ್ಕಾರವಲ್ಲ.

ನನಗೆ ಹೆಚ್ಚು ತೂಕದ್ದು ಅನ್ನಿಸುವುದು ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನ ಉದಾಹರಣೆ. ಅದೇ ದಿನ ವಿಮಾನ ಅಪ್ಪಳಿಸಿದ ಜಾಗದಲ್ಲಿ ಈಗ ಎಲ್ಲ ಧರ್ಮದವರಿಗೂ ಒಂದು ಪ್ರಾರ್ಥನಾ ಕೊಠಡಿ ಇದೆ. ಅಲ್ಲಿ ಮುಸ್ಲಿಂ ನೌಕರರೂ ನಮಾಜು ಮಾಡುತ್ತಾರೆ. 2010ರಲ್ಲೂ ಮಾಡುತ್ತಿದ್ದರು, ಯಾರೂ ಬೀದಿಗಿಳಿಯಲಿಲ್ಲ.

ಹಾಗಾದರೆ ಇಲ್ಲಿ ಯಾಕೆ? ಸಮಯ ನೋಡಿ. 2009ರ ಡಿಸೆಂಬರ್‌ನಲ್ಲೇ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು, ಜಾಸ್ತಿ ಸದ್ದಾಗಲಿಲ್ಲ. ಕಿಚ್ಚು ಹತ್ತಿದ್ದು 2010ರ ಮೇ ನಂತರ. ನವೆಂಬರ್‌ಗೆ ಸಂಸತ್ತಿನ ಚುನಾವಣೆ ಇತ್ತು. ರಿಪಬ್ಲಿಕನ್ ಪಕ್ಷದ ಸಾರಾ ಪೇಲಿನ್, ನ್ಯೂಟ್ ಗಿಂಗ್ರಿಚ್ ಇದನ್ನು ದೇಶದ ವಿಷಯ ಮಾಡಿದರು. ಮೇಯರ್ ಬ್ಲೂಮ್‌ಬರ್ಗ್ ಮಾತ್ರ ಕದಲದೆ ಪರವಾಗಿ ನಿಂತರು. ಅಧ್ಯಕ್ಷ ಒಬಾಮ ಇಫ್ತಾರ್ ಕೂಟದಲ್ಲಿ ಹಕ್ಕನ್ನು ಎತ್ತಿಹಿಡಿದು, ಮರುದಿನವೇ 'ಅಲ್ಲಿ ಕಟ್ಟುವುದು ಜಾಣತನವೇ ಅನ್ನುವ ಬಗ್ಗೆ ನಾನು ಮಾತಾಡಿಲ್ಲ' ಅಂತ ಜಾರಿಕೊಂಡರು. ಆಗ ಯೋಜನೆಯನ್ನು ವಿರೋಧಿಸಿದ್ದ ಎಡಿಎಲ್ ಎಂಬ ಯಹೂದಿ ಸಂಸ್ಥೆಯ ಮುಖ್ಯಸ್ಥರು 2021ರಲ್ಲಿ 'ನಮ್ಮದು ತಪ್ಪಾಯಿತು' ಎಂದು ಒಪ್ಪಿಕೊಂಡರು.

ಕಟ್ಟಿದರಾ ಅಂತ ಕೇಳಿದ್ದೀರಿ. ಆ 13 ಮಹಡಿಯ ಕೇಂದ್ರ ಏಳಲೇ ಇಲ್ಲ. 2011ರ ಆರಂಭದಲ್ಲಿ ಇಮಾಮ್ ರೌಫ್ ಮತ್ತು ಬಿಲ್ಡರ್‌ನ ದಾರಿ ಬೇರೆಯಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಹಳೇ ಕಟ್ಟಡದಲ್ಲೇ ಚಿಕ್ಕದಾಗಿ, ಮಕ್ಕಳ ಫೋಟೊ ಪ್ರದರ್ಶನದೊಂದಿಗೆ ಕೇಂದ್ರ ತೆರೆಯಿತು. ಆಮೇಲೆ ಬಿಲ್ಡರ್ ಮನಸ್ಸು ಬದಲಿಸಿ ಕಟ್ಟಡ ಕೆಡವಿದರು, ಶ್ರೀಮಂತರ ಫ್ಲ್ಯಾಟ್‌ಗಳ ಎತ್ತರದ ಗೋಪುರಕ್ಕೆ ಕೈಹಾಕಿದರು. ಅದನ್ನು ವಿರೋಧಿಸಿ ದೇಶವೇನೂ ಎದ್ದು ನಿಲ್ಲಲಿಲ್ಲ.