ಸತ್ಯಕ್ಕೆ ಹೆಸರಾದ ಎಲಿಜಬೆತ್ ಪ್ರಾಕ್ಟರ್ ನ್ಯಾಯಾಲಯದಲ್ಲಿ ಸುಳ್ಳು ಹೇಳಿದ್ದೇಕೆ?
ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ (1953) ನಾಟಕದ ಎಲಿಜಬೆತ್ ಸುಳ್ಳು ಹೇಳುವುದು ತನ್ನನ್ನು ವಂಚಿಸಿದ ಗಂಡ ಜಾನ್‌ನ ಮಾನ ಉಳಿಸುವುದಕ್ಕಾಗಿ. ಮಾಟದ ಆರೋಪದ ವಿಚಾರಣೆಗಳು ನಡೆದ 1692ರ ಅಮೆರಿಕದ ಸೇಲಂನಲ್ಲಿ, ಜಾನ್‌ನೊಂದಿಗಿನ ಸಂಬಂಧದ ಕಾರಣಕ್ಕೆ ಅವಳು ಮನೆಯಿಂದ ಹೊರಹಾಕಿದ್ದ ಕೆಲಸದ ಹುಡುಗಿ ಅಬಿಗೈಲಳೇ ಅವಳ ಮೇಲೆ ಮಾಟದ ಆರೋಪ ಹೊರಿಸಿರುತ್ತಾಳೆ.

ಅವಳ ನೋವು ಎರಡನೆಯ ಅಂಕದಲ್ಲೇ ಕಾಣುತ್ತದೆ: ಪಾದ್ರಿ ಹೇಲ್‌ನ ಮುಂದೆ ಹತ್ತು ದೈವಾಜ್ಞೆಗಳನ್ನು ಒಪ್ಪಿಸುತ್ತಿದ್ದ ಜಾನ್ ಒಂದನ್ನು ಮರೆತು ತಡವರಿಸಿದಾಗ, ಅದು ವ್ಯಭಿಚಾರದ ಕುರಿತಾದದ್ದೆಂದು ಮೆಲ್ಲಗೆ ನೆನಪಿಸುವವಳು ಅವಳೇ. ಮೂರನೆಯ ಅಂಕದಲ್ಲಿ, ತನ್ನ ಹೆಂಡತಿ ಎಂದೂ ಸುಳ್ಳಾಡಳೆಂದು ನಂಬಿದ ಜಾನ್ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಿರುತ್ತಾನೆ. ಆದರೆ ಅದು ಅವಳಿಗೆ ತಿಳಿದಿಲ್ಲ. ನ್ಯಾಯಾಧೀಶ ಡ್ಯಾನ್‌ಫೋರ್ತ್ ಜಾನ್ ಮತ್ತು ಅಬಿಗೈಲರನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಗಂಡನತ್ತ ನೋಡಲೂ ಬಿಡದೆ, ಅವನು ವ್ಯಭಿಚಾರ ಮಾಡಿದ್ದಾನೆಯೇ ಎಂದು ಪ್ರಶ್ನಿಸಿದಾಗ ಅವಳು ಕ್ಷೀಣ ದನಿಯಲ್ಲಿ ‘ಇಲ್ಲ’ ಎನ್ನುತ್ತಾಳೆ. ಆ ಒಂದು ಮಾತಿನಿಂದ ಜಾನ್‌ನ ಸತ್ಯವೇ ಸುಳ್ಳಾಗುತ್ತದೆ. ಇದನ್ನು ಅವಳ ದೌರ್ಬಲ್ಯವೆನ್ನುವುದು ಅನ್ಯಾಯವೆಂದು ನನ್ನ ದೃಢ ಅಭಿಪ್ರಾಯ.

ಕೊನೆಯ ಅಂಕದಲ್ಲಿ ತನ್ನ ತಣ್ಣನೆಯ ಸ್ವಭಾವವೂ ಗಂಡ ದಾರಿತಪ್ಪಲು ಕಾರಣವೆಂದು ಅವಳು ಹೇಳಿಕೊಳ್ಳುವುದು ನನ್ನನ್ನು ಕಾಡುತ್ತದೆ. ಅವನ ತಪ್ಪಿನ ಭಾರವನ್ನು ನಾಟಕಕಾರರು ಅವಳ ಮೇಲೂ ಹೊರಿಸಿದ್ದಾರೆ. ಚರಿತ್ರೆಯಲ್ಲಿ ಅಬಿಗೈಲ್ ಹನ್ನೊಂದು–ಹನ್ನೆರಡರ ಬಾಲಕಿ, ಈ ಸಂಬಂಧ ನಾಟಕದ ಕಲ್ಪನೆ. ಆದರೆ ಗರ್ಭಿಣಿಯಾಗಿದ್ದುದರಿಂದ ಎಲಿಜಬೆತಳ ಗಲ್ಲು ಮುಂದೂಡಲ್ಪಟ್ಟದ್ದು ನಿಜ. ನಾಟಕದ ಕೊನೆಯಲ್ಲಿ, ಮಾಟ ಮಾಡಿದೆನೆಂಬ ಸುಳ್ಳು ತಪ್ಪೊಪ್ಪಿಗೆಯಿಂದ ಗಲ್ಲಿಗೇರಬೇಕಾದ ಗಂಡನ ಜೀವ ಉಳಿಯುವಂತಿದ್ದರೂ ಅವಳು ಅವನನ್ನು ಒತ್ತಾಯಿಸದೆ, ನಿರ್ಧಾರವನ್ನು ಅವನ ಆತ್ಮಸಾಕ್ಷಿಗೇ ಬಿಡುತ್ತಾಳೆ.